ಬೋರೆ ಹೊಲಕ್ಕೆ ಗಂಜಲ ಹೊತ್ತ ಅಕ್ಕಯ್ಯಮ್ಮ

ನಮ್ಮ ಅಕ್ಕಯ್ಯಮ್ಮನ ಎದುರಿಗೆ ಯಾರೂ ಉಚ್ಚೆ ಎನ್ನುವ ಹಾಗಿರಲಿಲ್ಲ. ಗಂಜಲ ಎನ್ನಬೇಕು. ಹಸು ಹೊಯ್ದರೆ ಗಂಜಲ, ಮನುಷ್ಯ ಹೊಯ್ದರೆ ಉಚ್ಚೆ, ಇದ್ಯಾವ ಸೀಮೆ ನ್ಯಾಯ ಎಂದು ಅವಳು ಅರಳಿಕಟ್ಟೆಯ ಮೇಲೆ ಕೂತಿದ್ದ ಗಂಡಸರನ್ನೇ ಕೇಳಿದ್ದಳು. ಅವರೆಲ್ಲ ಟವೆಲ್ಲು ಕೊಡವಿಕೊಂಡು ಒಬ್ಬೊಬ್ಬರಾಗಿ ಎದ್ದು ಹೋದರು. ಐವತ್ತರ ದಶಕದ ನಡುವಿನಿಂದ ಅರವತ್ತರ ದಶಕದ ಕೊನೆಯವರೆಗೆ ಆಂಡರ್ಸನ್‌ಪೇಟೆಗೂ ನಮ್ಮೂರಿಗೂ ನಡುವೆ ಅವಳ ಗಂಜಲದ ಗಾಡಿ ಓಡಾಡಿತು. ಆ ಗಾಡಿ ಕಂಡು ಮೂಗು ಮುಚ್ಚಿಕೊಂಡವರಲ್ಲಿ ಮೊದಲನೆಯವಳು ನಾನೇ. ಅದಕ್ಕೆ ನನಗೆ ನಾಚಿಕೆಯೇನೂ ಇಲ್ಲ, ನಾತ ನಾತವೇ.

ನಾನು ಗಂಗರತ್ನಮ್ಮ, ಅವಳ ಓರಗಿತ್ತಿ. ಅವಳು ಆ ಮನೆಯ ಹಿರಿಸೊಸೆ, ನಾನು ಕಿರಿಸೊಸೆ. ನನ್ನ ತವರು ಬಂಗಾರಪೇಟೆ, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿ. ಮಿಡ್ಲ್ ಸ್ಕೂಲು ಮುಗಿಸಿದವಳು ಎಂಬ ಜಂಬ ಬೇರೆ ಇತ್ತು. ಮದುವೆಯಾಗಿ ಬಂದ ಊರು ಆಂಡರ್ಸನ್‌ಪೇಟೆಯಿಂದ ಬೇತಮಂಗಲಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಕ್ಕೆ. ಅಂಗಳದಲ್ಲಿ ನಿಂತರೆ, ಗಣಿಯವರು ಕಲ್ಲು ಪುಡಿಮಾಡಿ ಚಿನ್ನ ತೆಗೆದುಕೊಂಡು ಬಿಸಾಕಿದ ಮರಳಿನ ಬಿಳಿ ದಿಬ್ಬಗಳು ಕಾಣುತ್ತಿದ್ದವು. ಪಾಳಿಗೆ ಮುಂಚೆ ಆಳುಗಳನ್ನು ಕರೆಯಲು ಕೂಗುವ ಸೈರನ್‌ಗೆ ನಮ್ಮ ಕಡೆಯವರು ಸಂಗು ಎನ್ನುತ್ತಾರೆ. ಅದು ಅಡಿಗೆಮನೆಯ ತನಕ ಕೇಳುತ್ತಿತ್ತು. ಅನ್ನಕ್ಕೆ ಎಸರಿಡುವುದು, ಹಾಲು ಕರೆಯುವುದು ಎಲ್ಲವೂ ಸಂಗು ನೋಡಿಕೊಂಡೇ.

ಆ ಸಂಗು ಅಂದರೆ ಅಕ್ಕಯ್ಯಮ್ಮನಿಗೆ ಆಗುತ್ತಿರಲಿಲ್ಲ. ಅವಳ ಗಂಡ ಮುನಿನಾರಾಯಣಪ್ಪ, ಅಂದರೆ ನನ್ನ ಭಾವ, ಗಣಿಗೆ ಇಳಿಯುತ್ತಿದ್ದರು. ಸಾಧು ಮನುಷ್ಯ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ನಾನು ಆ ಮನೆಗೆ ಬಂದ ಹೊತ್ತಿಗೇ ಅವರಿಗೆ ಕೆಮ್ಮು ಹತ್ತಿತ್ತು. ಮೊದಮೊದಲು ಚಳಿಗಾಲದಲ್ಲಿ ಮಾತ್ರ ಇದ್ದದ್ದು ಆಮೇಲೆ ಕಾಲ ನೋಡುವುದನ್ನು ಬಿಟ್ಟಿತು. ಊಟಕ್ಕೆ ಕೂತವರು ಅರ್ಧಕ್ಕೆ ಎದ್ದು ಹಿತ್ತಲಿಗೆ ಹೋಗಿ ಗೋಡೆ ಹಿಡಿದುಕೊಂಡು ಕೆಮ್ಮಿ ಬರುತ್ತಿದ್ದರು. ತಟ್ಟೆಯಲ್ಲಿ ಮುದ್ದೆ ಆರಿರುತ್ತಿತ್ತು. ಅಕ್ಕಯ್ಯಮ್ಮ ಆ ಮುದ್ದೆಯನ್ನು ತಾನು ಇಟ್ಟುಕೊಂಡು ಬಿಸಿಯದನ್ನು ಅವರಿಗೆ ಹಾಕುತ್ತಿದ್ದಳು.

ಒಂದು ದಿನ ಅವಳು ನೇರವಾಗಿ ಮಾವನ ಮುಂದೆ ನಿಂತಳು. ಮಾವ ದೊಡ್ಡವೆಂಕಟಪ್ಪನವರ ಮಾತೆಂದರೆ ಆ ಮನೆಯಲ್ಲಿ ಮಾತು. ಗಂಡನನ್ನು ಗಣಿ ಬಿಡಿಸಿ ಎಂದು ಇವಳು ಕೇಳಿದಳು. ಮಾವ ಕೆಟ್ಟವರಲ್ಲ, ಮಗನ ಕೆಮ್ಮು ಅವರಿಗೂ ಕೇಳುತ್ತಿತ್ತು. ಆದರೆ ಕೆರೆ ಕೆಳಗಿನ ಒಂದು ತುಂಡು ಹೊಲದಲ್ಲಿ ಅಷ್ಟು ಹೊಟ್ಟೆ ತುಂಬುವುದು ಹೇಗೆ ಎಂಬುದು ಅವರ ಕಷ್ಟ. ಇನ್ನೊಂದು ಹೊಲ ಇತ್ತು. ಬಿಳಿ ದಿಬ್ಬದ ಕಡೆಗಿನ ಬೋರೆ ಹೊಲ. ಬರೀ ಗರಸು. ಹುರುಳಿ ಚೆಲ್ಲಿದರೆ ಬೆರಳುದ್ದ ಎದ್ದು ಅಲ್ಲಿಗೇ ನಿಲ್ಲುತ್ತಿತ್ತು. ಮನೆಯಲ್ಲಿದ್ದ ಒಂದು ಜೊತೆ ಎತ್ತು, ಒಂದು ಹಸುವಿನ ಗೊಬ್ಬರ ಕೆರೆ ಹೊಲಕ್ಕೇ ಸಾಲುತ್ತಿರಲಿಲ್ಲ.

ಮಾವ ಎಲೆಅಡಿಕೆ ಉಗಿದು ಹೇಳಿದರು. "ಬೋರೆ ಒಲದಾಗೆ ಒಂದು ಬೆಳೆ ತೆಗೆದು ತೋರ್ಸಮ್ಮ. ಅವತ್ತಿಂದ ಅವನು ಕೆಳಗಿಳಿಯೋದು ಬೇಡ."

ಆಗದ ಕೆಲಸ ಹೇಳಿದರೆ ಸೊಸೆ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದರು, ಪಾಪ. ಅವಳು ಸುಮ್ಮನಾಗುವ ಜಾತಿಯೇ ಅಲ್ಲ. ಅಂದಿನಿಂದ ಅವಳಿಗೆ ಕೂತರೂ ನಿಂತರೂ ಬೋರೆ ಹೊಲದ್ದೇ ಧ್ಯಾನವಾಯಿತು.

ಆ ವರ್ಷ ನಮ್ಮ ಹಿತ್ತಲಲ್ಲಿ ಒಂದು ಕುಂಬಳದ ಬಳ್ಳಿ ಹುಟ್ಟಿತು. ಯಾರೂ ಹಾಕಿದ್ದಲ್ಲ. ಹುಲ್ಲಿನ ಬಣವೆಯ ಪಕ್ಕದಲ್ಲಿ ತಾನಾಗಿ ಎದ್ದು, ಬಣವೆ ಹತ್ತಿ, ಆಚೆ ಇಳಿದು, ಬೇಲಿಯ ಮೇಲೂ ಹರಡಿತು. ಎಲೆಗಳು ಊಟದೆಲೆಯಷ್ಟು ಅಗಲ. ಕಾಯಿಯನ್ನು ನಾನು ಒಬ್ಬಳೇ ಎತ್ತಲಾಗದೆ ಉರುಳಿಸಿಕೊಂಡು ಒಳಗೆ ತಂದೆ. ಪಲ್ಯ ಮಾಡಿದೆವು, ಹುಳಿ ಮಾಡಿದೆವು, ನೆರೆಮನೆಯವರಿಗೂ ಹಂಚಿದೆವು. ಎಲ್ಲರೂ ಬೆರಳು ನೆಕ್ಕಿಕೊಂಡು ತಿಂದರು. ಎರಡನೆಯ ಸಲ ಪಲ್ಯ ಹಾಕಿಸಿಕೊಂಡು ತಿನ್ನುತ್ತಿದ್ದೆ, ಅಕ್ಕಯ್ಯಮ್ಮ ಪಕ್ಕದಲ್ಲಿ ಬಂದು ಕೂತಳು.

"ಗಂಗಾ, ಆ ಬಳ್ಳಿಗೆ ನೀನು ನೀರು ಆಕ್ದಾ?"

ಇಲ್ಲವೆಂದೆ.

"ನಾನೂ ಆಕಿಲ್ಲ. ಗೊಬ್ರನೂ ಆಕಿಲ್ಲ. ಪಾಳಿಯಿಂದ ಬಂದು ದಿನಾ ಅಲ್ಲಿ ನಿಂತ್ಕಳೋದು ನಮ್ಮನೇರು ಒಬ್ಬರೇ ಕಣೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಬಾಯಲ್ಲಿದ್ದದ್ದನ್ನು ಉಗಿಯಲು ಹಿತ್ತಲಿಗೆ ಓಡಿದೆ. ಓಡಿ ನಿಂತದ್ದೂ ಅದೇ ಬಳ್ಳಿಯ ಮುಂದೆ. ಆ ಎಲೆಗಳನ್ನು ಅಲ್ಲಿಯವರೆಗೆ ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಅಷ್ಟು ಕಡುಹಸಿರು, ಅಷ್ಟು ದಪ್ಪ ತೊಟ್ಟು. ದಿನವಿಡೀ ಭೂಮಿಯ ಹೊಟ್ಟೆಯಲ್ಲಿ ಬೆವರಿ, ಕೆಮ್ಮಿ, ಬಸವಳಿದು ಬರುವ ಒಬ್ಬ ಮನುಷ್ಯನ ಮೈಯಿಂದ ಕೆಳಗೆ ಬಿದ್ದದ್ದು ಇಷ್ಟನ್ನೆಲ್ಲ ಎಬ್ಬಿಸಿತೇ ಎಂದು ನನಗೆ ಹೆದರಿಕೆಯೇ ಆಯಿತು. ಅಸಹ್ಯ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಆದರೂ ಪಲ್ಯವನ್ನು ಮುಗಿಸಲಿಲ್ಲ ಅನ್ನಿ.

ಒಬ್ಬ ಗಂಡಸಿಗೆ ಒಂದು ಬಳ್ಳಿಯಾದರೆ, ಒಂದು ಪಾಳಿಯ ಗಂಡಸರಿಗೆ ಒಂದು ಹೊಲ. ಅಕ್ಕಯ್ಯಮ್ಮನ ತಲೆ ಓಡಿದ್ದು ಹೀಗೆ. ಅವಳು ದಿನಾ ಬೆಳಿಗ್ಗೆ ಆಂಡರ್ಸನ್‌ಪೇಟೆಗೆ ಮೊಸರು ಮಾರಲು ಹೋಗುತ್ತಿದ್ದಳು. ಗಣಿಯ ಗೇಟಿನ ಹತ್ತಿರ ಕುಪ್ಪುಸ್ವಾಮಿ ಎಂಬುವನ ಟೀ ಅಂಗಡಿ ಇತ್ತು. ಪಾಳಿ ಮುಗಿಸಿ ಮೇಲೆ ಬಂದವರು ಮೊದಲು ಹೋಗುತ್ತಿದ್ದದ್ದು ಅವನ ಅಂಗಡಿಯ ಹಿಂದಿನ ಮೋಟುಗೋಡೆಗೆ, ಆಮೇಲೆ ಟೀಗೆ. ಆ ಗೋಡೆಯ ನಾತಕ್ಕೆ ಗಿರಾಕಿಗಳು ಟೀ ಲೋಟ ಹಿಡಿದು ರಸ್ತೆಯ ಆಚೆ ಬದಿಗೆ ಹೋಗಿ ಕುಡಿಯುತ್ತಿದ್ದರಂತೆ. ಗೋಡೆಯ ಉದ್ದಕ್ಕೂ ಮಡಕೆ ಹೂಳುತ್ತೇನೆ, ತುಂಬಿದ್ದನ್ನು ನಾನೇ ಕೊಂಡೊಯ್ಯುತ್ತೇನೆ ಎಂದು ಅಕ್ಕಯ್ಯಮ್ಮ ಹೇಳಿದಾಗ ಕುಪ್ಪುಸ್ವಾಮಿ ತಮಾಷೆಯೆಂದುಕೊಂಡ. ಮಾರನೆಯ ದಿನ ಅವಳು ಗುದ್ದಲಿ ತಂದದ್ದು ನೋಡಿ ಕೈಮುಗಿದನಂತೆ.

ಆಂಡರ್ಸನ್‌ಪೇಟೆಯಲ್ಲಿ ಅವಳಿಗಾದ ಪಾಡು ಅಷ್ಟಿಷ್ಟಲ್ಲ. ಮೊಸರಿನ ಗಡಿಗೆಯಲ್ಲೇ ತುಂಬಿಕೊಂಡು ಹೋಗುತ್ತಾಳೆ ಎಂದು ಯಾರೋ ಹಬ್ಬಿಸಿದರು. ಮೊಸರಿನ ಗಿರಾಕಿಗಳು ಬಾಗಿಲು ಹಾಕಿಕೊಂಡರು. ಊರಿನಲ್ಲಿ ಇನ್ನೂ ಜೋರು. ಪೇಟೆಯಲ್ಲಿ ಹೊಲಸು ಹೊರುವವರನ್ನು ನಾವು ಅಂಗಳಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ. ಈಗ ದೊಡ್ಡವೆಂಕಟಪ್ಪನ ಹಿರಿಸೊಸೆಯೇ ಅದನ್ನು ಹೊರುತ್ತಾಳೆ ಎಂದು ಜನ ಆಡಿಕೊಂಡರು. ಮಾವ ಊಟ ಮಾಡುವ ಜಾಗ ಬದಲಾಯಿಸಿ ಜಗಲಿಗೆ ಹೋದರು. ಅಕ್ಕಯ್ಯಮ್ಮ ಯಾವುದಕ್ಕೂ ಕ್ಯಾರೇ ಎನ್ನಲಿಲ್ಲ. "ಉಣ್ಣೋರಿಗೆ ಬಾಯಿರ್ತದೆ, ಆಡ್ಕಳ್ಳಿ ಬಿಡು" ಎಂದು ನಕ್ಕಳು.

ಗಂಜಲವನ್ನು ನೀರಾಗಿಯೇ ತಲೆಯ ಮೇಲೆ ಹೊತ್ತು ತರುವುದು ಆಗದ ಮಾತು. ತುಳುಕುತ್ತದೆ, ಮೈಮೇಲೆ ಚೆಲ್ಲುತ್ತದೆ. ಯಾವುದರಲ್ಲಾದರೂ ಇಂಗಿಸಿ ಕುಕ್ಕೆಯಲ್ಲಿ ತರಬೇಕು. ಅದಕ್ಕೆ ಅವಳು ಕಣ್ಣೆದುರಿಗಿದ್ದ ಬಿಳಿ ದಿಬ್ಬದ ಮರಳನ್ನು ಆರಿಸಿಕೊಂಡಳು. ನಮ್ಮ ಕಡೆಯ ಯಾರಾದರೂ ಅದನ್ನೇ ಮಾಡುತ್ತಿದ್ದರು. ಹಿಟ್ಟಿನಷ್ಟು ನುಣ್ಣಗಿನ ಮರಳು, ಬೇಕಾದಷ್ಟು ಬಿದ್ದಿತ್ತು, ಬಾಚಿಕೊಂಡರೆ ಕೇಳುವವರಿಲ್ಲ. ನಾವು ಪಾತ್ರೆ ತಿಕ್ಕುತ್ತಿದ್ದದ್ದೂ ಅದರಲ್ಲೇ. ಗೋಡೆಯ ಹಿಂದೆ ಗುಂಡಿ ತೋಡಿ, ಮರಳು ತುಂಬಿ, ಮಡಕೆಗಳನ್ನು ಅದಕ್ಕೆ ಬಗ್ಗಿಸಿದಳು. ಮರಳು ಚೆನ್ನಾಗಿ ಹೀರಿತು. ಬೇಸಿಗೆಯೆಲ್ಲ ಕುಕ್ಕೆಗಟ್ಟಲೆ ಹೊತ್ತು ಬೋರೆ ಹೊಲಕ್ಕೆ ಚೆಲ್ಲಿದಳು. ಮಳೆ ಬಿತ್ತು, ನನ್ನ ಗಂಡ ಕದಿರಪ್ಪ ಉತ್ತು ಕೊಟ್ಟರು, ರಾಗಿ ಬಿತ್ತಿದರು.

ರಾಗಿ ಹುಟ್ಟಿತು. ಒಂದು ವಾರ ಹಸಿರಾಗಿತ್ತು. ಆಮೇಲೆ ತುದಿ ಬೆಳ್ಳಗಾಯಿತು. ನೋಡನೋಡುತ್ತ ಇಡೀ ಪೈರು ಸುಟ್ಟ ಹಾಗೆ ಮುದುರಿಕೊಂಡಿತು. ಹೊಲದಲ್ಲಿ ಕಳೆಯೂ ಉಳಿಯಲಿಲ್ಲ. ಮಾವ ಹೋಗಿ ನೋಡಿ ಬಂದರು. ಭಾವ ಆ ಮಧ್ಯಾಹ್ನ ಎಂದಿನಂತೆ ಸಂಗು ಕೂಗಿದೊಡನೆ ಟಿಫನ್ ಕ್ಯಾರಿಯರ್ ಹಿಡಿದು ಹೊರಟರು. ಹೊಸಲು ದಾಟುವಾಗ ಹೆಂಡತಿಯ ಕಡೆ ತಿರುಗಿ, "ಓಗ್ಲಿ ಬಿಡು, ನಂಗೆ ಅಭ್ಯಾಸ ಆಗ್ಬಿಟ್ಟದೆ" ಎಂದರು. ಅಕ್ಕಯ್ಯಮ್ಮ ಅತ್ತದ್ದನ್ನು ನಾನು ನೋಡಿದ್ದು ಅವತ್ತು. ಸದ್ದು ಮಾಡಿ ಅಳುವ ಹೆಂಗಸು ಅಂದುಕೊಂಡಿದ್ದೆ. ಒರಳಿನ ಮುಂದೆ ಕೂತು, ರುಬ್ಬುವುದನ್ನು ನಿಲ್ಲಿಸದೆ ಅತ್ತಳು.

ಮುಂದಿನ ಬೇಸಿಗೆಗೆ ಅವಳು ಮತ್ತೆ ಎದ್ದು ಕೂತದ್ದು ನಮ್ಮ ಕೊಟ್ಟಿಗೆಯಲ್ಲಿ. ನಮ್ಮಲ್ಲಿ ರೂಢಿ ಇದೆ, ಕೊಟ್ಟಿಗೆಯ ನೆಲಕ್ಕೆ ಒಣ ಕೆಮ್ಮಣ್ಣು ಹರಡುತ್ತೇವೆ. ದನದ ಗಂಜಲ ಅದರಲ್ಲಿ ಇಂಗುತ್ತದೆ. ಮಣ್ಣು ನೆಂದು ಕಪ್ಪಾದ ಮೇಲೆ ಗೋರಿ ತಿಪ್ಪೆಗೆ ಹಾಕಿ ಹೊಸ ಮಣ್ಣು ಹರಡುತ್ತೇವೆ. ತಲೆತಲಾಂತರದಿಂದ ನಡೆದದ್ದು. ಅವತ್ತು ನನ್ನ ಗಂಡ ಕೊಟ್ಟಿಗೆಗೆ ಮಣ್ಣು ಹರಡುತ್ತಿದ್ದರು. ಅಕ್ಕಯ್ಯಮ್ಮ ಹಾಲಿನ ಚೊಂಬು ಹಿಡಿದವಳು ಅಲ್ಲೇ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಪಾತ್ರೆ ತಿಕ್ಕಲು ತಂದಿಟ್ಟಿದ್ದ ಬಿಳಿ ಮರಳನ್ನು ತೆಗೆದುಕೊಂಡು ಹೋಗಿ, ಅದಕ್ಕೆ ಏನೂ ಬೆರೆಸದೆ, ಹಿತ್ತಲಿನ ದಂಟಿನ ಮಡಿಗೆ ಸುರಿದಳು. ಚೆನ್ನಾಗಿದ್ದ ದಂಟು ಬೆಳ್ಳಗಾಗಿ ಮಲಗಿತು. ಮಡಿ ಹಾಳಾಯಿತೆಂದು ನಾನು ಬೈದರೆ ಅವಳು ಕುಣಿಯುವುದೊಂದು ಬಾಕಿ.

"ಕೆಟ್ಟದ್ದು ಮರಳು ಕಣೆ ಗಂಗಾ. ಗಂಜಲ ಅಲ್ಲ."

ಅವತ್ತಿನಿಂದ ನಮ್ಮ ಮನೆಯಲ್ಲಿ ಪಾತ್ರೆಗೂ ಬೂದಿಯೇ ಬಂತು. ಚಿನ್ನ ಬಿಡಿಸಲು ಆ ಕಲ್ಲಿನ ಪುಡಿಗೆ ಸಯನೈಡ್ ವಿಷ ಹಾಕುತ್ತಿದ್ದರು ಎಂದು ನಮಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಅಷ್ಟು ವರ್ಷ ಆ ಮರಳಿನಲ್ಲಿ ತಿಕ್ಕಿದ ತಟ್ಟೆಯಲ್ಲಿ ಉಂಡೆವಲ್ಲ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಬೇಸಿಗೆ ಅವಳು ಊರಿನ ಕೆಮ್ಮಣ್ಣನ್ನು ಗಾಡಿಯಲ್ಲಿ ಆಂಡರ್ಸನ್‌ಪೇಟೆಗೆ ಹೊಡೆಸಿದಳು. ನನ್ನ ಗಂಡ ಗೊಣಗಿಕೊಂಡೇ ಗಾಡಿ ಕಟ್ಟಿದರು. ಕೆಮ್ಮಣ್ಣು, ಒಲೆಯ ಬೂದಿ, ಕೊಚ್ಚಿದ ರಾಗಿ ಹುಲ್ಲು, ಎಲ್ಲವನ್ನೂ ಗುಂಡಿಗೆ ತುಂಬಿ ಮಡಕೆ ಬಗ್ಗಿಸಿದಳು. ನೆಂದದ್ದನ್ನು ಗಾಡಿಗೆ ತುಂಬಿ ವಾಪಸು ಹೊರಟರೆ ಗೇಟಿನ ಕಾವಲಿನವನೊಬ್ಬ ಅಡ್ಡ ನಿಂತ. ಗಣಿಯ ಹತ್ತಿರದಿಂದ ಯಾರಾದರೂ ಮಣ್ಣು ಸಾಗಿಸುತ್ತಾರೆ ಎಂದರೆ ಆ ಊರಿನಲ್ಲಿ ಅದಕ್ಕೆ ಒಂದೇ ಅರ್ಥ, ಚಿನ್ನ ಬೆರೆತ ಮಣ್ಣು ಕದ್ದಿದ್ದಾರೆ ಎಂದು. ಏನಿದೆ ಎಂದು ಕೇಳಿದ. ಮಣ್ಣು ಎಂದಳು. ಯಾವ ಮಣ್ಣು ಎಂದ. ನಮ್ಮೂರಿನ ಮಣ್ಣು ಎಂದಳು. ಊರಿನಿಂದ ಇಲ್ಲಿಗೆ ಮಣ್ಣು ತಂದು ಮತ್ತೆ ಊರಿಗೇ ಒಯ್ಯುತ್ತೀಯಾ ಎಂದು ಅವನಿಗೆ ಗುಮಾನಿ ಇನ್ನೂ ಹೆಚ್ಚಾಯಿತು. ತೋಳು ಮಡಚಿ ಮೊಣಕೈ ತನಕ ಕೈ ಹಾಕಿ ಕಲಕಿದ, ಮೂಗಿನ ಹತ್ತಿರ ಹಿಡಿದು ಮೂಸಿಯೂ ನೋಡಿದ. ಅಷ್ಟರಲ್ಲಿ ಕುಪ್ಪುಸ್ವಾಮಿ ಅಂಗಡಿಯಿಂದ ಓಡಿ ಬಂದು ವಿಷಯ ಹೇಳಿದ. ಆ ಕಾವಲಿನವನು ಆ ದಿನ ಎಷ್ಟು ಸೋಪು ಸವೆಸಿದನೋ. ಆಮೇಲೆ ಗಾಡಿ ದೂರದಲ್ಲಿ ಕಂಡರೂ ಹೋಗು ಹೋಗು ಎಂದು ಕೈ ಬೀಸುತ್ತಿದ್ದ.

ಈ ಕತೆ ಒಂದು ಪಾಳಿಯಿಂದ ಇನ್ನೊಂದು ಪಾಳಿಗೆ ಹರಡಿತು. ಗಂಡಸರು ನಗುತ್ತಲೇ ಮಡಕೆಗಳಿಗೆ ನಿಷ್ಠರಾದರು. ಗೋಡೆಗೆ ಹೊಯ್ಯುವ ಹೊಸಬರನ್ನು ಹಳಬರೇ ಗದರುತ್ತಿದ್ದರಂತೆ. ಭಾವನಿಗೆ ಮೊದಮೊದಲು ತಲೆ ಎತ್ತಲಾಗದಷ್ಟು ನಾಚಿಕೆ. ಕೆಳಗಿಳಿಯುವಾಗ ಜೊತೆಯವರು ನಿನ್ನ ಹೆಂಡತಿಯ ಹೊಲಕ್ಕೆ ಇವತ್ತಿನದು ಕೊಟ್ಟಾಯಿತು ಎಂದು ಚುಡಾಯಿಸುತ್ತಿದ್ದರು. ಬರಬರುತ್ತ ಆ ಮಾತಿನ ದನಿ ಬದಲಾಯಿತು ಎಂದು ಭಾವ ನಮಗೆ ಹೇಳಿದರು. ಬಿತ್ತನೆ ಆಯಿತಾ, ಮೊಳಕೆ ಬಂತಾ, ಪೈರು ಎಷ್ಟುದ್ದ ಇದೆ ಎಂದು ಕೇಳತೊಡಗಿದರಂತೆ. ಅವರಲ್ಲಿ ಬಹಳ ಮಂದಿ ತಮಿಳುನಾಡಿನ ಕಡೆಯವರು, ಅಪ್ಪ ತಾತನ ಕಾಲಕ್ಕೆ ಹೊಲ ಬಿಟ್ಟು ಬಂದವರು. ಮಣ್ಣೆಂದರೆ ಅವರ ಪಾಲಿಗೆ ಒಡೆದು ಮೇಲಕ್ಕೆ ಕಳಿಸುವ ಕಲ್ಲು. ಅಂಥವರು ಭೂಮಿಯ ಅಷ್ಟು ಆಳದಲ್ಲಿ, ಆ ಕತ್ತಲೆಯಲ್ಲಿ, ತಾವು ಕಂಡೇ ಇರದ ಒಂದು ಹೊಲದ ಪೈರಿನ ಉದ್ದ ವಿಚಾರಿಸುತ್ತಿದ್ದರು.

ಪೈರು ಹೇಗಿತ್ತು ಎಂದು ಹೇಗೆ ಹೇಳಲಿ. ಗಾಡಿಯಿಂದ ಇಳಿಸಿ ಕೆಲವು ದಿನ ಬಿಸಿಲಿಗೆ ಬಿಟ್ಟ ಮೇಲೆ ಆ ಮಣ್ಣಿನಲ್ಲಿ ನಾತವೇ ಇರಲಿಲ್ಲ. ಕೈಯಲ್ಲಿ ಹಿಡಿದರೆ ಕೆರೆಯ ಗೋಡುಮಣ್ಣಿನ ಹಾಗೆ ತಣ್ಣಗೆ, ಪುಡಿಪುಡಿಯಾಗಿ ಜಾರುತ್ತಿತ್ತು. ಹಿಂದಿನ ವರ್ಷದ ಮರಳನ್ನು ಮೇಲುಮಣ್ಣಿನ ಸಮೇತ ಕೆರೆದು ಬದುವಿನ ಆಚೆ ಹಾಕಿಸಿ, ಇದನ್ನು ಹರಡಿ ಬಿತ್ತಿದೆವು. ಪೈರು ಗೇಣುದ್ದ ಬಂದ ಮೇಲೆ, ಮಳೆ ಬಿದ್ದ ಮಾರನೆಯ ದಿನಗಳಲ್ಲಿ, ಅಕ್ಕಯ್ಯಮ್ಮ ಬಾಯಿ ಕಟ್ಟಿ ಗಾಡಿಯಲ್ಲಿ ತರಿಸಿದ ಒಂದು ಮಡಕೆ ಗಂಜಲಕ್ಕೆ, ಹೊಲದ ಪಕ್ಕದ ಕುಂಟೆಯಿಂದ ತುಂಬಿದ ನಾಲ್ಕಾರು ಮಡಕೆ ನೀರು ಬೆರೆಸಿ ಸಾಲಿನ ನಡುವೆ ಹೊಯ್ಯುತ್ತ ಹೋದಳು. ಮೂಗಿಗೆ ಸೆರಗು ಕಟ್ಟಿಕೊಂಡು ನಾನೂ ಹೊಯ್ದೆ. ವಾರದೊಳಗೆ ಪೈರಿನ ಬಣ್ಣ ಬದಲಾಯಿತು. ಹಸಿರು ಎಂದರೆ ಹಸಿರಲ್ಲ, ಕಪ್ಪಿಗೆ ತಿರುಗಿದ ಹಸಿರು. ಒಂದೊಂದು ಬುಡಕ್ಕೂ ಕೈತುಂಬ ತೆಂಡೆ ಒಡೆಯಿತು. ಹಿಂದೆ ಆ ಬಿಳಿ ದಿಬ್ಬ, ಅದರ ಮುಂದೆ ಈ ಹೊಲ. ಬೇತಮಂಗಲದ ಬಸ್ಸಿನಲ್ಲಿ ಕೂತವರು ಎದ್ದು ನಿಂತು ನೋಡುತ್ತಿದ್ದರು.

ನಾನು ದಿನಾ ಬೆಳಿಗ್ಗೆ ಆ ಹೊಲದ ಬದುವಿನಲ್ಲಿ ಹಸುವಿಗೆ ಹುಲ್ಲು ಕೊಯ್ಯಲು ಹೋಗುತ್ತಿದ್ದೆ. ಹುಲ್ಲು ನೆಪ, ಹೊಲ ನೋಡುವುದೇ ಕೆಲಸ. ಒಮ್ಮೊಮ್ಮೆ ಕುಡುಗೋಲು ಕೆಳಗಿಟ್ಟು ಸುಮ್ಮನೆ ಕೂತುಬಿಡುತ್ತಿದ್ದೆ. ಎದೆ ತುಂಬಿ ಬರುತ್ತಿತ್ತು. ದೇವಸ್ಥಾನದಲ್ಲೂ ನನಗೆ ಹಾಗಾದದ್ದಿಲ್ಲ.

ತೆನೆ ಹೊರಟಿತು. ಮುಷ್ಟಿ ಕಟ್ಟಿದ ಹಾಗೆ ತುಂಬಿದ ತೆನೆ. ಇನ್ನೇನು ಮಾವ ಮಾತಿಗೆ ಕಟ್ಟುಬಿದ್ದರು ಎಂದುಕೊಂಡು ಅಕ್ಕಯ್ಯಮ್ಮ ಅವರ ಮುಂದೆ ಹೋಗಿ ನಿಂತಳು. ಸೊಂಟದ ಮೇಲೆ ಕೈಯಿಟ್ಟು, ನನ್ನಂಥ ಸೊಸೆ ಈ ತಾಲ್ಲೂಕಿನಲ್ಲಿ ಯಾರಿಗಿದ್ದಾಳೆ ಎಂದು ಬೇರೆ ಕೇಳಿದಳು. ಮಾವ ತಲೆ ಎತ್ತದೆ ಹೇಳಿದರು.

"ಬೆಳೆ ಬಂದದೆ, ಇಲ್ಲ ಅನ್ನಾಕಿಲ್ಲ. ಆದ್ರೆ ಆ ರಾಗಿ ಈ ಮನೆ ಒಲೆ ಮೇಲೆ ಏರಂಗಿಲ್ಲ. ಉಣ್ಣೋಕಾಗದ್ದು ಬೆಳೆ ಎಂಗಮ್ಮ ಆಯ್ತದೆ?"

ಉಣ್ಣದ ರಾಗಿಯನ್ನು ನೆಚ್ಚಿಕೊಂಡು ಮಗನಿಗೆ ಗಣಿ ಬಿಡಿಸುವುದು ಹೇಗೆ ಎಂಬುದು ಅವರ ಮಾತಿನ ಅರ್ಥ. ಮರಳಿನಲ್ಲಿ ಸೋತಾಗ ತಪ್ಪು ಹುಡುಕಲು ಒಂದು ಜಾಗವಿತ್ತು. ಇದಕ್ಕೆ ಏನು ಮಾಡುವುದು ಎಂದು ಅಕ್ಕಯ್ಯಮ್ಮನಿಗೂ ತೋಚಲಿಲ್ಲ. ಆ ತಿಂಗಳು ಭಾವನ ಕೆಮ್ಮಿನಲ್ಲಿ ರಕ್ತದ ಎಳೆ ಕಾಣಿಸಿತ್ತು. ಅದನ್ನು ಅವರು ಮಣ್ಣು ಮುಚ್ಚಿ ಬರುತ್ತಿದ್ದರು. ಅಕ್ಕಯ್ಯಮ್ಮ ಆ ಮಣ್ಣು ಸರಿಸಿ ನೋಡಿದ್ದಳು. ಮಾವನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಕೊಯ್ಲಿಗೆ ಸ್ವಲ್ಪ ದಿನವಿರುವಾಗ, ಒಂದು ಭಾನುವಾರ, ಗಣಿಯವರು ಬಂದರು. ಕುಪ್ಪುಸ್ವಾಮಿ ಅಂಗಡಿ ಮುಚ್ಚಿ ಅವರನ್ನು ಕರೆತಂದಿದ್ದ. ಎಲ್ಲರೂ ಒಗೆದ ಬಿಳಿ ಅಂಗಿ ತೊಟ್ಟು, ತಲೆ ಬಾಚಿ, ಮದುವೆಗೆ ಹೊರಟವರ ಹಾಗೆ ಬಂದಿದ್ದರು. ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ರೇಗಿಸಿಕೊಂಡು ಗಲಾಟೆ ಮಾಡಿಕೊಂಡೇ ಹೊಲದ ಬದು ಹತ್ತಿದರು. ಅವರಲ್ಲಿ ವಯಸ್ಸಾದ ಒಬ್ಬ ಬಗ್ಗಿ ಚಪ್ಪಲಿ ಬಿಚ್ಚಿದ. ಯಾರೂ ಹೇಳಿರಲಿಲ್ಲ. ಅವನನ್ನು ನೋಡಿ ಉಳಿದವರೂ ಬಿಚ್ಚಿದರು. ಸಾಲಾಗಿ ಬರಿಗಾಲಲ್ಲಿ ನಿಂತು ತೆನೆಗಳನ್ನು ನೋಡಿದರು. ಆ ಮುದುಕ ಒಂದು ತೆನೆಯನ್ನು ಕೀಳದೆ, ಅಂಗೈಯಲ್ಲಿ ಹಿಡಿದು ತೂಗಿ, ಹಾಗೆಯೇ ಬಿಟ್ಟ.

"ನಮ್ಮದಾ ಇದು?" ಎಂದು ಕೇಳಿದ.

"ನಿಮ್ಮದೇ ಕಣಣ್ಣ" ಎಂದಳು ಅಕ್ಕಯ್ಯಮ್ಮ.

ಪಕ್ಕದ ಹೊಲದ ಹುಣಸೆಮರದ ಕೆಳಗೆ ಮಾವ ನಿಂತಿದ್ದದ್ದನ್ನು ನಾನು ನೋಡಿದ್ದು ಆಗಲೇ. ಅವರು ಆ ಕಡೆಗೆ ಬರಲಿಲ್ಲ, ಹೋಗಲೂ ಇಲ್ಲ. ಕೈಯಲ್ಲಿ ಕೋಲು ಊರಿಕೊಂಡು, ಬಿಳಿ ಅಂಗಿಯ ಆ ಸಾಲನ್ನು ನೋಡುತ್ತಿದ್ದರು. ಸಾಲಿನ ಕೊನೆಯಲ್ಲಿ ನಿಂತಿದ್ದ ಭಾವ ಕೆಮ್ಮತೊಡಗಿದರು. ಅವರ ಕೆಮ್ಮು ನಿಲ್ಲುವ ಹೊತ್ತಿಗೆ ಇನ್ನೊಬ್ಬನಿಗೆ ಹತ್ತಿತು, ಆಮೇಲೆ ಇನ್ನೊಬ್ಬನಿಗೆ. ಮನೆಯಲ್ಲಿ ಒಂದು ಕೆಮ್ಮು ಕೇಳಿದ್ದ ಮಾವ ಅಲ್ಲಿ ಎಲ್ಲರದನ್ನೂ ಕೇಳಿಸಿಕೊಂಡರು.

ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ ಹುಲ್ಲಿಗೆ ಹೋದೆ. ಹೊಲದೊಳಗೆ ಯಾರೋ ಇದ್ದಾರೆ ಅನಿಸಿ ಬದುವಿನ ಕೆಳಗೆ ಕೂತೆ. ಮಾವ. ಎದೆಯೆತ್ತರದ ರಾಗಿಯ ನಡುವೆ ನಿಂತು ಒಂದು ತೆನೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳನ್ನು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಇನ್ನೊಂದು ತೆನೆ ಕಿತ್ತರು. ತಿನ್ನುತ್ತ ತಿನ್ನುತ್ತ ಹೊಲದ ಮೂಲೆಗೆ ಬಂದರು. ಆ ಮೂಲೆಯಲ್ಲಿ ಅಕ್ಕಯ್ಯಮ್ಮ ದಾರಿಹೋಕರಿಗೆಂದು ಈಚಲ ಗರಿಯ ಮರೆ ಕಟ್ಟಿ ಒಂದು ಮಡಕೆ ಹೂತಿದ್ದಳು. ಅದನ್ನು ನೋಡಬೇಕಾದೀತೆಂದು ಮಾವ ಅಷ್ಟು ದಿನ ಸುತ್ತು ಬಳಸಿ ನಡೆದಿದ್ದರು. ಈಗ ಅದರ ಮುಂದೆ ನಿಂತರು. ಅತ್ತ ನೋಡಿದರು, ಇತ್ತ ನೋಡಿದರು. ಕೋಲನ್ನು ಬದುವಿಗೆ ಒರಗಿಸಿ ಮರೆಯ ಹಿಂದೆ ಹೋದರು. ನಾನು ಸಟಕ್ಕನೆ ಮುಖ ತಿರುಗಿಸಿಕೊಂಡೆ. ಕಣ್ಣು ತಿರುಗಿಸಬಹುದು, ಕಿವಿಯನ್ನೇನು ಮಾಡುವುದು. ಮಡಕೆಗೆ ಬಿದ್ದ ಸದ್ದು ಸ್ಪಷ್ಟವಾಗಿ ಕೇಳಿಸಿತು.

ನಗು ಬರಬೇಕಾಗಿತ್ತು. ಬಂದದ್ದು ಕಣ್ಣೀರು. ಹುಲ್ಲಿನ ಹೊರೆ ಅಲ್ಲೇ ಬಿಟ್ಟು ಮನೆಗೆ ಓಡಿ ಅಕ್ಕಯ್ಯಮ್ಮನ ಕಿವಿಯಲ್ಲಿ ಹೇಳಿದೆ. ಅವಳು ಒಲೆ ಊದುತ್ತಿದ್ದವಳು ಊದುಕೊಳವೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳು ಅದನ್ನು ಯಾರ ಮುಂದೆಯೂ ಆಡಲಿಲ್ಲ. ಮಾವ ಇರುವ ತನಕ ನಾನೂ ಆಡಲಿಲ್ಲ.

ಕೊಯ್ಲಾಯಿತು, ಮೆದೆ ಒಟ್ಟಿದೆವು, ಕಣ ಮಾಡಿ ರೋಣಗಲ್ಲು ಹೊಡೆಸಿದೆವು. ಭಾವ ಪಾಳಿಗೆ ಹೋಗುತ್ತಲೇ ಇದ್ದರು. ರಾಗಿ ತೂರಿ ಮುಗಿದ ಮರುದಿನ ಮಾವ ಕಣದಿಂದ ಒಂದು ಮೊರ ರಾಗಿಯನ್ನು ತಾವೇ ಹೊತ್ತು ತಂದು ಬೀಸುಕಲ್ಲಿನ ಹತ್ತಿರ ಇಟ್ಟು ಹೋದರು. ಅಕ್ಕಯ್ಯಮ್ಮ ಬೀಸಿದಳು, ನಾನು ಜರಡಿ ಹಿಡಿದೆ. ಅವರೆಕಾಳಿನ ಹುಳಿ ಮಾಡಿ, ಮುದ್ದೆ ಕಟ್ಟಿದೆವು. ಜಗಲಿಯಲ್ಲಿ ಉಣ್ಣುತ್ತಿದ್ದ ಮಾವ ಅವತ್ತು ಒಳಗೆ ಬಂದು ತಮ್ಮ ಹಳೆಯ ಜಾಗದಲ್ಲಿ ಕೂತರು. ಪಕ್ಕದಲ್ಲಿ ಭಾವ, ಅವರ ಮಗ್ಗುಲಿಗೆ ನನ್ನ ಗಂಡ. ಭಾವನದು ಮಧ್ಯಾಹ್ನದ ಪಾಳಿ. ಟಿಫನ್ ಕ್ಯಾರಿಯರ್ ಬಾಗಿಲ ಹತ್ತಿರ ಸಿದ್ಧವಾಗಿತ್ತು. ಗಣಿಗೆ ಇಳಿಯುವ ಆಳಿಗೊಂದರಂತೆ ಕೊಡುವ ಹಿತ್ತಾಳೆ ಬಿಲ್ಲೆಯನ್ನು ಅದರ ಮೇಲೆ ಇಟ್ಟಿದ್ದರು.

ಮಾವ ಮುದ್ದೆ ಮುರಿದು, ಹುಳಿಯಲ್ಲಿ ಅದ್ದಿ, ನುಂಗಿದರು. ನಾವಿಬ್ಬರೂ ಬಾಗಿಲ ಸಂದಿಯಲ್ಲಿ ನಿಂತಿದ್ದೆವು. ಇನ್ನೊಂದು ತುತ್ತು ನುಂಗಿದರು. ಆಮೇಲೆ ಇನ್ನೊಂದು. ಅಷ್ಟರಲ್ಲಿ ಸಂಗು ಕೂಗಿತು. ಭಾವನ ತಟ್ಟೆಯಲ್ಲಿ ಅರ್ಧ ಮುದ್ದೆ ಇತ್ತು. ಅವರು ಎಂದಿನಂತೆ ಎಡಗೈ ನೆಲಕ್ಕೆ ಊರಿ ಏಳಲು ಹೊರಟರು.

ಮಾವ ಎಡಗೈಯನ್ನು ಮಗನ ಭುಜದ ಮೇಲಿಟ್ಟರು. ಮೆಲ್ಲಗೆ ಒತ್ತಿ ಕೂರಿಸಿದರು. ಬಾಗಿಲ ಹತ್ತಿರದ ಬಿಲ್ಲೆಯ ಕಡೆ ನೋಡಿ, ಬಾಯಲ್ಲಿದ್ದದ್ದನ್ನು ನುಂಗಿಕೊಂಡು ಹೇಳಿದರು.

"ನಾಳೆ ಓಗಿ ಅದನ್ನ ಕೊಟ್ಟು ಬಾ. ಈಗ ಕೂತ್ಕಂಡು ಉಣ್ಣಪ್ಪ. ಬಿಸಿ ಇದೆ."